ಎಡಗಡೆಯ ಮುಂಚಕ್ರ

ನಾನು ಕಣ್ಣು ಮುಚ್ಚಿಕೊಂಡು ಕಾರು ಓಡಿಸುತ್ತೇನೆ. ಇದರಲ್ಲಿ ಅರ್ಧ ಸುಳ್ಳು. ಮುಚ್ಚುವುದು ಒಂದೇ ಕಣ್ಣು. ಮುಂದಿನದು ಮಾತ್ರ ಪೂರ್ತಿ ನಿಜ.

ತೀರಿಹೋದ ನಮ್ಮ ಯಜಮಾನರು ಬಿಟ್ಟುಹೋದ ಹಳೇ ಕಾರಿನ ಮುಂಚಕ್ರಗಳಿಗೆ ಹಳೆಯ ಡ್ರಮ್ ಬ್ರೇಕ್ ತೆಗೆಸಿ ಹೊಸ ಡಿಸ್ಕ್ ಬ್ರೇಕ್ ಹಾಕಿಸಿದೆ. ಅಂದಿನಿಂದ ಎಡಚಕ್ರ ಬ್ರೇಕು ಒತ್ತದಿದ್ದರೂ ಕಚ್ಚಿಕೊಳ್ಳುತ್ತಿತ್ತು.

“ಇವತ್ತು ಸರಿಯಾಗ್ದಿದ್ರೆ ಗುಜರಿಗೆ. ಅದಕ್ಕೂ ವಯಸ್ಸಾಯ್ತು, ನಿಂಗೂ ಆಯ್ತು ಕಣಮ್ಮಾ,” ಎಂದ ಮಗ.

ಬ್ರೇಕು ಕಚ್ಚಿ ಉಜ್ಜಿದ ಡಿಸ್ಕು ದೋಸೆಕಾವಲಿಯಂತೆ ಬಿಸಿಯಾಗಬೇಕು. ಇದನ್ನು ಮುಟ್ಟಿದರೆ ಮಂಜುಗಡ್ಡೆ. ಗ್ಯಾರೇಜಿನ ಮೆಕ್ಯಾನಿಕ್ ಡ್ರಮ್ ಕಾಲದ, ಒತ್ತಡ ಹಿಡಿದಿಡುವ ವಾಲ್ವ್ ಕಿತ್ತ, ಪೈಪು ಬದಲಿಸಿದ. ಕೊನೆಗೆ ಆ ಚಕ್ರದ ಡಿಸ್ಕನ್ನು ಅದುಮಿ ಹಿಡಿಯುವ ಬ್ರೇಕ್ ಪ್ಯಾಡುಗಳನ್ನೇ ಬಿಚ್ಚಿಟ್ಟು, ಜಾಕ್ ಮೇಲಿದ್ದ ಚಕ್ರವನ್ನು ತಿರುಗಿಸಿದ. ಅರ್ಧ ಸುತ್ತಿಗೆ ಗಕ್ಕನೆ ನಿಂತಿತು.

“ಅಜ್ಜೀ, ಪೆಡಲ್ ಬಿಡಿ!” ಎಂದು ಕಾರಿನೊಳಗೆ ಕೂತಿದ್ದ ನನಗೆ ಕೂಗಿದ.

“ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತಿದೀನಪ್ಪಾ!”

ಅವನ ಮುಖ ಸುಣ್ಣವಾಯಿತು. “ಗುಜರಿಗೇ ಕೊಟ್ಬಿಡಿ.”

ನನಗೆ ರೇಗಿತು. ಸ್ಟೇರಿಂಗಿಗೆ ಗುದ್ದಿದೆ. “ಚಕ್ರ ಹಿಡ್ಕೊಂಡಿರೋ ನೀನು ಯಾರಾದ್ರೂ ಆಗಿರು. ಹಿಡಿಯೋದಾದ್ರೆ ನಾನು ಒತ್ತಿದಾಗ ಹಿಡಿ, ಇಲ್ಲಾಂದ್ರೆ ಇಳಿದು ಹೋಗು. ಓಡಿಸೋಳು ನಾನು!”

ಚಕ್ರ ಮೆಲ್ಲಗೆ ತಾನೇ ತಿರುಗಿತು. ಪ್ಯಾಡು ಹಾಕಿಸಿ, ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು, ಇಳಿಜಾರಿನಲ್ಲಿ ನಿಲ್ಲಿಸಿ ತೋರಿಸಿದೆ. ಗುಜರಿಯ ಮಾತು ಅವನು ಮತ್ತೆ ಎತ್ತಲಿಲ್ಲ.

ಎರಡು ವರ್ಷವಾಯಿತು. ಬಲಗಡೆಯ ಪ್ಯಾಡು ಎರಡು ಸಲ ಸವೆದು ಬದಲಾಯಿತು. ಎಡಗಡೆಯದು ಕೂದಲೆಳೆಯಷ್ಟೂ ಸವೆದಿಲ್ಲ. ಬಲಚಕ್ರವೊಂದೇ ಹಿಡಿದರೆ ಕಾರು ಬಲಕ್ಕೆ ಎಳೆಯಬೇಕು. ನನ್ನದು ಗೆರೆ ಎಳೆದಂತೆ ನೇರ ನಿಲ್ಲುತ್ತದೆ. ಹಾಗಾದರೆ ಎಡಚಕ್ರವನ್ನು ಹಿಡಿಯುತ್ತಿರುವುದು ಯಾರು? ಊಹಿಸಿ ಹೇಳಿ ನೋಡೋಣ.