ಮೋಜಿನ ದೋಣಿಯ ತಳ

ವಿಹಾರದ ಕಾಲ ಮುಗಿದ ಮೇಲೆ ಧಣಿಯ ಮೋಜಿನ ದೋಣಿಯನ್ನು ದಡದಲ್ಲಿ ದಿಮ್ಮಿಗಳ ಮೇಲೆ ಕೂರಿಸುತ್ತಾರೆ. ಅದರಡಿ ಮಲಗಿ ತಳದ ಹಳೆ ಬಣ್ಣ ಕೆರೆಯುವುದು ನನ್ನ ಕೆಲಸ. ಹೋದ ವರ್ಷ ಅದು ಅಣ್ಣನ ಕೆಲಸವಾಗಿತ್ತು. ದೋಣಿ ಇಳಿಸಲು ದಿಮ್ಮಿ ಎಳೆಸುವ ಮುಂಚೆ, ಅಡಿಯಲ್ಲಿರುವವರು ಹೊರಬರಲೆಂದು ತಳ ತಟ್ಟಿ ಕೂಗಬೇಕು. ಧಣಿಗೆ ಅಷ್ಟೂ ಪುರುಸೊತ್ತಿರಲಿಲ್ಲ. ದೋಣಿ ಅಣ್ಣನ ಮೇಲೆ ಕೂತಿತು; ಅವನು ಉಳಿಯಲಿಲ್ಲ.

ಮೊನ್ನೆ ನಡುಮಧ್ಯಾಹ್ನ ನಾನು ಕೆರೆಯುತ್ತಿದ್ದರೆ ಹಲಗೆಯ ಆಚೆಯಿಂದಲೂ ಯಾರೋ ಕೆರೆದರು. ನನ್ನ ಕೈ ನಿಂತರೂ ಅದು ನಿಲ್ಲಲಿಲ್ಲ. ಸುಡುಬಿಸಿಲಲ್ಲೂ ತಳ ತಣ್ಣಗೆ ಕೊರೆಯುತ್ತಿತ್ತು. ತೆವಳಿ ಹೊರಬಂದು, ದಡದಲ್ಲಿ ನಿಂತಿದ್ದ ಧಣಿಗೆ ಹೇಳಿದೆ.

“ಇಲಿಗೆ ಹೆದರ್ತೀಯೇನೋ? ನಿಮ್ಮಣ್ಣನೂ ಹೀಗೇ, ಮೈಗಳ್ಳ,” ಎಂದರು ಧಣಿ.

“ನೀವೇ ಒಳಗೆ ಹೋಗಿ ನೋಡಿ ಧಣಿ. ಅಲ್ಲೀವರೆಗೆ ನಾನು ಕೆಳಗೆ ನುಸುಳಲ್ಲ.”

ಅವರು ಏಣಿ ಹತ್ತಿ ದೋಣಿಯೊಳಗೆ ಇಳಿದರು. ಕೆರೆತ ನಿಂತಿತು. ವಾಪಸು ಬಂದು ಪಂಚೆಗೆ ಕೈ ಒರೆಸಿಕೊಂಡರು.

“ಏನೂ ಇಲ್ಲ. ಕೆಲಸ ನೋಡ್ಕೋ.”

ದೋಣಿಯ ಒಳಗೆಲ್ಲ ಬಿಳಿ ಬಣ್ಣ. ಕೆಂಪು ಇರುವುದು ತಳದ ಹೊರಮೈಗೆ ಮಾತ್ರ. ಅವರ ಹತ್ತೂ ಉಗುರುಗಳ ಸಂದಿಯಲ್ಲಿ ಕೆಂಪು ಚಕ್ಕೆ ತುಂಬಿತ್ತು.