ಬಿಟ್ಟುಹೋಗುವವರ ಪಟ್ಟಿ

ಗೋಡೆಯ ಪರದೆಯಲ್ಲಿ ಕೆಂಪು ಚುಕ್ಕೆಯ ಪಕ್ಕದ ಅಂಕಿ ಹತ್ತರಿಂದ ಒಂಬತ್ತಕ್ಕಿಳಿಯಿತು. ಇನ್ನೊಂಬತ್ತು ದಿನಕ್ಕೆ ಲಕ್ಷ್ಮೇಶ್ವರದ ರಜಿಯಾ ನದಾಫ ಕೆಲಸ ಬಿಡುತ್ತಾಳೆಂದು ಅದರರ್ಥ. ವಿಜ್ಞಾನಿ ನೀಲಾಂಬಿಕಾಗೆ ಕೂತಲ್ಲಿ ಕೂರಲಾಗಲಿಲ್ಲ.

ಹಾಗೆ ಹೇಳುತ್ತಿದ್ದ ಯಂತ್ರ ಅವಳದೇ ಸೃಷ್ಟಿ. 2061ರ ಧಾರವಾಡದ ಶಾಸನ ಸಂಸ್ಥೆಯಲ್ಲಿ ಅದನ್ನು ಹಾಜರಿಗನ್ನಡಿ ಎನ್ನುತ್ತಿದ್ದರು. ಶಿಲಾಶಾಸನಗಳ ಚಿತ್ರಗಳನ್ನು ಅಂತರಜಾಲದಲ್ಲಿ ಓದಿ ಬರೆದುಕೊಡುವ ಹನ್ನೆರಡು ಸಾವಿರ ಸ್ವಯಂಸೇವಕರಿದ್ದರು. ಯಾರು ಎಷ್ಟು ತಡವರಿಸಿದರು, ಎಷ್ಟು ಅಳಿಸಿದರು, ಎಷ್ಟು ದಿನ ಬರಲಿಲ್ಲ ಎಂದು ಅಳೆದು, ಯಾರು ಯಾವಾಗ ಕೈಬಿಡುತ್ತಾರೆಂದು ಅದು ಎರಡು ತಿಂಗಳು ಮೊದಲೇ ಹೇಳುತ್ತಿತ್ತು. ನೂರಕ್ಕೆ ತೊಂಬತ್ತೇಳು ಸಲ ಹಾಗೆಯೇ ಆಗುತ್ತಿತ್ತು. ನಿರ್ದೇಶಕ ಶಿರಹಟ್ಟಿಯವರು ಬಂದವರಿಗೆಲ್ಲ ಅದನ್ನು ತೋರಿಸಿ ಮೀಸೆ ತಿರುವುತ್ತಿದ್ದರು.

ಆದರೆ ರಜಿಯಾ? ಹೊಲಿಗೆ ಅಂಗಡಿ ನಡೆಸುತ್ತಲೇ ನಾನೂರು ಶಾಸನ ಓದಿದವಳು, ವಿದ್ವಾಂಸರೇ ಸೋತು ಬಿಟ್ಟ ಸವೆದ ಕಲ್ಲುಗಳನ್ನು ಬಿಡಿಸಿದವಳು. ಅವಳು ಹೋದರೆ ಆ ಕೆಲಸಕ್ಕೆ ಇನ್ನೊಬ್ಬರಿಲ್ಲ. ತಡೆಯಲಾರದೆ ನೀಲಾಂಬಿಕಾ ಫೋನ್ ಮಾಡಿದಳು.

“ಯಾಕ ಬಿಡಾಕತ್ತೀರಿ, ರಜಿಯಾ ಅಕ್ಕಾರ?”

“ಒಂದು ಸಾಲು ತಿಳೀವಲ್ದು ಅಂತ ಮೂರು ಸಲ ಕೇಳೀನ್ರಿ. ನಿಮ್ಮವರು ಒಬ್ಬರೂ ಪಿಟ್ ಅನ್ನಲಿಲ್ಲ. ಗ್ವಾಡಿ ಮುಂದ ಎಷ್ಟು ದಿನ ಮಾತಾಡ್ಲಿ?”

ಸ್ವಯಂಸೇವಕರ ಓದನ್ನು ತಿದ್ದಿ ಉತ್ತರಿಸಬೇಕಿದ್ದ ಪರಿಶೀಲಕರನ್ನು ನೀಲಾಂಬಿಕಾ ವಿಚಾರಿಸಿದಳು. ಹೇಗೂ ಹೋಗುವವರು, ಅವರಿಗೇಕೆ ಸಮಯ ಹಾಳು ಎಂದು ಕೆಂಪು ಚುಕ್ಕೆಯವರಿಗೆ ಉತ್ತರಿಸುವುದನ್ನೇ ಅವರು ನಿಲ್ಲಿಸಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟುವ ಜನ! ಕಷ್ಟದ ಕಲ್ಲೊಂದರ ಮುಂದೆ ರಜಿಯಾ ನಾಲ್ಕು ಸಲ ಅಳಿಸಿ ಬರೆದದ್ದೇ ಯಂತ್ರದ ಲೆಕ್ಕದಲ್ಲಿ ಅವಳ ತಪ್ಪಾಗಿತ್ತು. ನೀಲಾಂಬಿಕಾಗೆ ತನ್ನ ಮೇಲೆಯೇ ಸಿಟ್ಟು ಬಂತು.

ಅಂದೇ ಅವಳು ಪರಿಶೀಲಕರ ಪರದೆಗಳಿಂದ ಚುಕ್ಕೆಗಳನ್ನು ತೆಗೆದುಹಾಕಿದಳು. ರಜಿಯಾ ಕೇಳಿದ್ದ ಸಾಲನ್ನು ಬಿಡಿಸಲು ತಾನೇ ಒಬ್ಬ ಪಂಡಿತರನ್ನು ಕೂರಿಸಿದಳು. ಎಲ್ಲರಿಗೂ ಉತ್ತರ ಹೋಗತೊಡಗಿತು. ಒಂಬತ್ತು ದಿನ ಕಳೆದರೂ ರಜಿಯಾ ಓದುತ್ತಲೇ ಇದ್ದಳು. ಎರಡು ತಿಂಗಳಲ್ಲಿ ಯಂತ್ರ ಹೇಳಿದ ಭವಿಷ್ಯ ನಿಜವಾಗುವುದು ನೂರಕ್ಕೆ ಐವತ್ತೆರಡಕ್ಕೆ ಕುಸಿಯಿತು.

“ಯಂತ್ರ ಕೆಟ್ಟೈತಲ್ರಿ!” ಶಿರಹಟ್ಟಿ ಗುಡುಗಿದರು.

“ಕೆಟ್ಟಿಲ್ಲ ಸರ್. ಅದು ಹೇಳಿದ್ದನ್ನ ಖರೇ ಮಾಡ್ತಿದ್ದವರು ನಾವು. ಈಗ ಬಿಟ್ಟೀವಿ.”

“ಮೊದಲಿನಂಗ ಮಾಡ್ರಿ, ಇಲ್ಲಂದ್ರ ಯಂತ್ರಾನ ಕಿತ್ತಿಸ್ತೀನಿ.”

“ಕಿತ್ತಿಸ್ರಿ,” ಎಂದಳು ನೀಲಾಂಬಿಕಾ.

ಆದರೂ ಅವಳ ಚಡಪಡಿಕೆ ನಿಲ್ಲಲಿಲ್ಲ. ಚುಕ್ಕೆಗಳನ್ನು ತೆಗೆಯುವ ಮೊದಲು ಯಂತ್ರ ಹೇಳಿದ್ದೆಲ್ಲ ಪರಿಶೀಲಕರಿಂದ ನಿಜವಾಯಿತು, ಸರಿ. ಆದರೆ ಜನ ಹೀಗೆ ಬಿಟ್ಟುಹೋಗುತ್ತಾರೆಂದು ಅದು ಮೊಟ್ಟಮೊದಲು ಕಲಿತದ್ದು ಎಲ್ಲಿಂದ? ಕಲಿಸಲು ತಾನೇ ಅದಕ್ಕೆ ಉಣಿಸಿದ್ದ ಹಳೆಯ ಸ್ವಯಂಸೇವಕರ ಚರ್ಚಾಪುಟಗಳನ್ನು ಅವಳು ತೆರೆದಳು. ಮೊದಲ ಪುಟ 2026ರದು. ಹೊಸಬರೊಬ್ಬರು ಕೇಳಿದ್ದರು: “ನಾನು ಬರೆದದ್ದು ಸರಿ ಇದೆಯೇ? ಯಾರಾದರೂ ನೋಡಿ ಹೇಳುತ್ತೀರಾ?”

ಕೆಳಗೆ ಒಂದೂ ಉತ್ತರವಿರಲಿಲ್ಲ.