ಮರಳುದಿಬ್ಬದಾಚೆಯ ಮಾಪಕ

ಮಧ್ಯಾಹ್ನದ ಸಭೆಗೆ ಮೊದಲೇ, ಅಲೆಯ ಎತ್ತರ ಅಳೆಯಲು ಸಮುದ್ರದ ತಳದಲ್ಲಿಟ್ಟಿದ್ದ ಆ ಮಾಪಕ ದಡ ಸೇರಬೇಕಿತ್ತು. ಇಲ್ಲದಿದ್ದರೆ ಅಂಕೋಲೆಯಾಚೆಯ ಈ ಊರಿನ ನೀರೊಳಗಿನ ಮರಳುದಿಬ್ಬ ಮರಳು ಅಗೆಯುವ ಕಂಪನಿಯ ಯಂತ್ರದ ಬಾಯಿಗೆ, ದಿಬ್ಬದ ಹಿಂದಿನ ಮನೆಗಳು ಸಮುದ್ರದ ಬಾಯಿಗೆ! ಹುಬ್ಬಳ್ಳಿ ವಿದ್ಯಾನಗರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಕರುಣಾ, ಆಕೆಯ ವಿದ್ಯಾರ್ಥಿ ಅಮರೇಶ, ದೋಣಿಯ ಶಶಿಕಾಂತ ಹೊರಟೇಬಿಟ್ಟರು. ಆ ಮನೆಗಳಲ್ಲೊಂದು ಶಶಿಕಾಂತನದು.

"ಮುಳುಗಿದ ಮರಳು ಅಲೆಯನ್ನು ತಡೆಯುತ್ತದೆಯೇ, ಮ್ಯಾ...ಡಮ್? ನೀವು ನಿಮ್ಮೂರಿನ ಉಣಕಲ್ ಕೆರೆ ಅಳೆದುಕೊಂಡಿರಿ!" ಅಮರೇಶ ಕಂಪನಿ ಅಧಿಕಾರಿಯ ಮೂಗುದನಿ ತೆಗೆದ.

"ನಗಸಬ್ಯಾಡೋ. ಈ ಸಿಟ್ಟು ಸಭೆ ತನಕಾ ಬೇಕು ನನಗ," ಎಂದಳು ಕರುಣಾ.

ಆಳದಲ್ಲಿ ಸಲೀಸಾಗಿ ಬರುವ ಅಲೆ ದಿಬ್ಬದ ಬಳಿ ತಳ ತಾಗಿದೊಡನೆ ನಿಧಾನಿಸುತ್ತಿತ್ತು. ಹಿಂದಿನ ನೀರು ಒತ್ತಿದಂತೆ ಎತ್ತರಕ್ಕೇರಿ, ತಲೆ ಮುಂದಾಗಿ ಮಗುಚುತ್ತಿತ್ತು. ಅದರ ಜೋರೆಲ್ಲ ನೊರೆಯಾಗಿ, ಮರಳು ಕದಡುವುದರಲ್ಲೇ ತೀರಿ, ದಡಕ್ಕೆ ಬರುತ್ತಿದ್ದದ್ದು ಸೋತ ತೆರೆ. ದಿಬ್ಬದ ಒಳಗಿನ, ದಡದ ಕಡೆಯ ಮಾಪಕ ನಿನ್ನೆಯೇ ಸಿಕ್ಕಿತ್ತು. ಹೊರಗಿನದಿಲ್ಲದೆ ಹೋಲಿಕೆಯೇ ಇಲ್ಲ.

"ಹಿಡ್ಕಳ್ಳಿ!" ಶಶಿಕಾಂತ ಕೂಗಿದ.

ದೋಣಿ ನೀರಗೋಡೆ ಹತ್ತಿತು. ಧಡ್ಡೆಂದು ಆಚೆ ಬಿತ್ತು.

ಮಾಪಕದ ಕಲ್ಲಿಗೆ ಹಗ್ಗ ಕಟ್ಟಿ ಗುರುತಿಗೆ ಬಿಟ್ಟ ತೇಲುಬುರುಡೆ ಕಂಡೊಡನೆ ಅಮರೇಶ ಮುಳುಗಿದ. ಏದುಸಿರು ಬಿಡುತ್ತ ಮೇಲೆದ್ದ. "ಗಂಟು ಬಿಚ್ಚವಲ್ದರಿ! ಚಾಕೂ ಜಾರಿ ಬಿತ್ತು!"

"ಮಾಪಕಾನ ಕಲ್ಲಿಗೆ ಯಾವ ಹಗ್ಗದ್ಲೆ ಕಟ್ಟೀದಿ?" ಕರುಣಾ ಕೇಳಿದಳು.

"ನಮ್ಮ ಅಂಗಡೀದು... ಹತ್ತೀದರಿ."

ಮೂರು ತಲೆಮಾರು ಹತ್ತಿ ಮಾರಿದ ಮನೆಯವನಿಗೆ ಶಶಿಕಾಂತ ಕೊಟ್ಟ ನೈಲಾನ್ ರುಚಿಸಿರಲಿಲ್ಲ. ನೀರು ಕುಡಿದ ನೂಲು ಉಬ್ಬಿ ಗಂಟು ಕಲ್ಲಾಗಿತ್ತು.

"ನಿಮ್ಮಪ್ಪನ ಹತ್ತಿ ಸುಡ್ಲಿ! ಕಲ್ಲುಸಮೇತ ಜಗ್ಗು, ಲಗೂ!"

ದೋಣಿ ಹತ್ತಿದ ಅಮರೇಶ, ಕರುಣಾ ಇಬ್ಬರೂ ಬುರುಡೆಯ ಹಗ್ಗ ಜಗ್ಗಿದರು. ಅಂಗೈ ಸುಲಿಯಿತು. ಅಲೆಗಳ ಸಾಲು ಬಂತು. ಶಶಿಕಾಂತ ದೋಣಿಯ ಮೂತಿಯನ್ನು ಅಲೆಗೇ ತಿರುಗಿಸಿ ಹಿಡಿದ. ಒಂದು ಅಲೆ ಮೂವರನ್ನೂ ತೋಯಿಸಿತು. ಮತ್ತೊಂದಕ್ಕೆ ದೋಣಿಯೇ ಅರ್ಧ ತುಂಬಿತು. ಆಗ ಕಲ್ಲು, ಅದಕ್ಕೆ ಬಿಗಿದ ಮಾಪಕ, ಧೊಪ್ಪೆಂದು ಒಳಗೆ ಬಿದ್ದವು.

ವಾಪಸಾಗುವಾಗ ಶಶಿಕಾಂತ ಮುಂದಿನ ಅಲೆಯ ಬೆನ್ನು ಬಿಡಲಿಲ್ಲ. ಅದು ಒಡೆದ ಮೇಲೆಯೇ ದಿಬ್ಬ ದಾಟಿದ.

ಸಭೆಯಲ್ಲಿ ಕರುಣಾ ಎರಡೂ ಮಾಪಕಗಳ ಅಂಕಿ ಹಿಡಿದು ಒದ್ದೆ ಸೀರೆಯಲ್ಲೇ ಎದ್ದು ನಿಂತಳು. "ಹೊರಗ ಅಲೆ ಎರಡು ಮೀಟರ್. ಒಳಗ ಅರ್ಧ."

"ಉಳಿದದ್ದು ಎಲ್ಲಿ ಹೋಯಿತು ಮೇಡಂ?" ತಹಶೀಲ್ದಾರರು ಕೇಳಿದರು.

"ಇವರು ಅಗೀತೇವಿ ಅನ್ನಾಕತ್ತಾರಲ್ಲ, ಆ ಮರಳಿನ ಮ್ಯಾಲೆ ಸತ್ತೈತ್ರಿ. ಮರಳು ತಗದ್ರ ಶಶಿಕಾಂತನ ಮನಿ ಮ್ಯಾಲೆ ಸಾಯತೈತಿ."

ಮರುಪರೀಕ್ಷೆಯವರೆಗೆ ಅಗೆತಕ್ಕೆ ತಡೆ ಬಿತ್ತು.

"ಅಷ್ಟ ಏನ್ರೀ?" ಅಮರೇಶ ಉರಿದ.

"ಈ ಮಳೆಗಾಲ ಮನೇಲೇ ಮಲಗ್ತೇನಲ್ಲ, ತಮ್ಮಾ," ಶಶಿಕಾಂತ ಅವನ ಸುಲಿದ ಅಂಗೈಗೆ ಕೊಬ್ಬರಿಎಣ್ಣೆ ಸುರಿದ.